ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಮಂತ್ರಿಗಿರಿ ಬಿಟ್ಟವರು: ಅನೈರಿನ್ ಬೆವನ್ ಮತ್ತು ಲೇಬರ್ ಪಕ್ಷದ ಒಳಜಗಳ

ಬ್ರಿಟನ್ನಿನ ಎನ್‌ಎಚ್‌ಎಸ್, ಅಂದರೆ ಸರ್ಕಾರವೇ ನಡೆಸುವ ರಾಷ್ಟ್ರೀಯ ಆರೋಗ್ಯ ಸೇವೆ, ಹುಟ್ಟಿದ್ದರ ಬಗ್ಗೆ ಸಾಮಾನ್ಯವಾಗಿ ಒಂದು ಸರಳ ಕಥೆ ಹೇಳುತ್ತಾರೆ. ಎರಡನೇ ಮಹಾಯುದ್ಧ ಮುಗಿಯಿತು, ಲೇಬರ್ ಪಕ್ಷ ಗೆದ್ದಿತು, ಎಲ್ಲರಿಗೂ ಉಚಿತ ಚಿಕಿತ್ಸೆ ತಂದಿತು, ಕನ್ಸರ್ವೇಟಿವ್ ಪಕ್ಷದವರೂ ಡಾಕ್ಟರುಗಳೂ ಅಡ್ಡಗಾಲು ಹಾಕಿದರು. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಎನ್‌ಎಚ್‌ಎಸ್ ಕಟ್ಟಿದ ಆರೋಗ್ಯ ಮಂತ್ರಿ ಅನೈರಿನ್ ಬೆವನ್ ಇದಕ್ಕಾಗಿ ಎರಡು ದೊಡ್ಡ ಜಗಳಗಳನ್ನು ಆಡಿದ್ದು ತಮ್ಮದೇ ಪಕ್ಷದೊಳಗೆ, ತಮ್ಮ ಪಕ್ಕದಲ್ಲೇ ಕೂತಿದ್ದ ಮಂತ್ರಿಗಳ ಜೊತೆ. ಮೊದಲನೆಯದು ಆಸ್ಪತ್ರೆಗಳು ಯಾರ ಕೈಯಲ್ಲಿ ಇರಬೇಕು ಅನ್ನೋದು. ಅದರಲ್ಲಿ ಗೆದ್ದರು. ಎರಡನೆಯದು ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಜನರಿಂದ ಅರ್ಧ ದುಡ್ಡು ತೆಗೆದುಕೊಳ್ಳಬೇಕಾ ಬೇಡವಾ ಅನ್ನೋದು. ಅದರಲ್ಲಿ ಸೋತರು, 1951ರ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು.

ಕನ್ನಡಕಕ್ಕಾಗಿ ಮಂತ್ರಿಗಿರಿ ಬಿಡೋದಾ? ಆಗಲೂ ಜನ ಇದೇ ಪ್ರಶ್ನೆ ಕೇಳಿದರು. ಬೆವನ್ ಎಲ್ಲಿಂದ ಬಂದವರು ಅನ್ನೋದು ಗೊತ್ತಾದರೆ ಉತ್ತರ ತಾನಾಗೇ ಸಿಗುತ್ತದೆ.

ಬೆವನ್ ಹುಟ್ಟಿದ್ದು 1897ರಲ್ಲಿ, ದಕ್ಷಿಣ ವೇಲ್ಸ್‌ನ ಟ್ರೆಡೀಗರ್ ಅನ್ನೋ ಕಲ್ಲಿದ್ದಲು ಊರಿನಲ್ಲಿ. ಅಪ್ಪ ಗಣಿ ಕೆಲಸದವರು. ಮಗನೂ ಹದಿಮೂರು ಹದಿನಾಲ್ಕರ ವಯಸ್ಸಿಗೇ ಶಾಲೆ ಬಿಟ್ಟು ಗಣಿಗೆ ಇಳಿದರು. 1925ರಲ್ಲಿ ಅಪ್ಪ ತೀರಿಕೊಂಡರು, ಕಲ್ಲಿದ್ದಲ ಧೂಳು ಕುಡಿದು ಕುಡಿದು ಬರುವ ಶ್ವಾಸಕೋಶದ ಕಾಯಿಲೆಯಿಂದ. ಮಗನಿಗೆ ಬಾಲ್ಯದಿಂದಲೂ ಉಗ್ಗು ಇತ್ತು. ಅದನ್ನು ಹಟ ಹಿಡಿದು ಮೀರಿದ ಇದೇ ಮನುಷ್ಯ ಮುಂದೆ ಪಾರ್ಲಿಮೆಂಟಿನ ಅತಿ ದೊಡ್ಡ ಮಾತುಗಾರರಲ್ಲಿ ಒಬ್ಬರಾದರು. 1929ರಲ್ಲಿ ಎಬ್ಬು ವೇಲ್ ಕ್ಷೇತ್ರದಿಂದ ಲೇಬರ್ ಸಂಸದರಾದರು, ಸಾಯುವ ತನಕ ಅಲ್ಲಿಂದಲೇ ಗೆದ್ದರು.

ಟ್ರೆಡೀಗರ್‌ನಲ್ಲಿ ಒಂದು ವಿಶೇಷ ಇತ್ತು. 1890ರ ಸುಮಾರಿನಿಂದ ಅಲ್ಲಿನ ಕಾರ್ಮಿಕರು ಸೇರಿ ಒಂದು ವೈದ್ಯಕೀಯ ಸಂಘ ನಡೆಸುತ್ತಿದ್ದರು. ಕೂಲಿಯಲ್ಲಿ ಪೌಂಡಿಗೆ ಮೂರು ಪೆನ್ನಿಯ ಲೆಕ್ಕದಲ್ಲಿ ಪ್ರತಿಯೊಬ್ಬರೂ ಕೊಡುತ್ತಿದ್ದರು. ಆಗ ಒಂದು ಪೌಂಡಿಗೆ 240 ಪೆನ್ನಿ, ಅಂದರೆ ಸಂಬಳದಲ್ಲಿ ನೂರಕ್ಕೆ ಒಂದೂಕಾಲು ಪಾಲು. ಇಷ್ಟು ಕೊಟ್ಟರೆ ಡಾಕ್ಟರು, ಔಷಧಿ, ಆಸ್ಪತ್ರೆ, ಹಲ್ಲಿನ ಚಿಕಿತ್ಸೆ ಎಲ್ಲ ಸಿಗುತ್ತಿತ್ತು. ಹೆಂಡತಿ ಮಕ್ಕಳಿಗೂ ಸಿಗುತ್ತಿತ್ತು. ಊರಿನ ಹೆಚ್ಚುಕಡಿಮೆ ಎಲ್ಲರೂ ಅದರಲ್ಲಿ ಇದ್ದರು. ಬೆವನ್ ಅಲ್ಲಿನ ಆಸ್ಪತ್ರೆ ಸಮಿತಿಯಲ್ಲಿ ಕೆಲಸ ಮಾಡಿದ್ದರು. ಹಾಗಾಗಿ ಹುಷಾರಿಲ್ಲದಾಗ ಜೇಬು ಮುಟ್ಟಿ ನೋಡಿಕೊಳ್ಳದೆ ಡಾಕ್ಟರ ಹತ್ತಿರ ಹೋಗಬಹುದು ಅನ್ನೋದು ಅವರಿಗೆ ಪುಸ್ತಕದ ಸಿದ್ಧಾಂತ ಆಗಿರಲಿಲ್ಲ. ಅವರೇ ನೋಡಿದ್ದ, ನಡೆಸಿದ್ದ ವ್ಯವಸ್ಥೆ ಅದು.

ಉಳಿದ ದೇಶದಲ್ಲಿ ಹಾಗಿರಲಿಲ್ಲ. 1911ರಲ್ಲಿ ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ ತಂದ ಆರೋಗ್ಯ ವಿಮೆ ಕಡಿಮೆ ಸಂಬಳದ ಕೆಲಸಗಾರನಿಗೆ ಮಾತ್ರ. ಅವನಿಗೆ ಊರಿನ ಡಾಕ್ಟರು ಸಿಗುತ್ತಿದ್ದರು, ಹೆಂಡತಿಗೆ ಇಲ್ಲ, ಮಕ್ಕಳಿಗೆ ಇಲ್ಲ, ಆಸ್ಪತ್ರೆ ಖರ್ಚೂ ಅದರಲ್ಲಿ ಸೇರಿರಲಿಲ್ಲ. ಪರಿಣಾಮ ಏನಾಗುತ್ತಿತ್ತು ಅಂತ ಊಹಿಸಬಹುದು. ಮನೆಯಲ್ಲಿ ದುಡಿಯುವ ಗಂಡಸಿಗೆ ಚಿಕಿತ್ಸೆ, ಹೆಂಗಸು ನೋವು ನುಂಗಿಕೊಂಡು ಇರಬೇಕು. ಧರ್ಮಾರ್ಥ ಆಸ್ಪತ್ರೆಗೆ ಹೋದರೆ ಅಲ್ಲಿ ಅಲ್ಮೋನರ್ ಅಂತ ಒಬ್ಬರು ಕೂತು, ಮನೆಗೆ ಎಷ್ಟು ಆದಾಯ, ಎಷ್ಟು ಕೊಡಬಲ್ಲಿರಿ ಅಂತ ವಿಚಾರಿಸುತ್ತಿದ್ದರು.

1942ರ ಕೊನೆಗೆ ಸಾಮಾಜಿಕ ಭದ್ರತೆ ಬಗ್ಗೆ ಸರ್ಕಾರ ಬರೆಸಿದ ಬೆವರಿಜ್ ವರದಿ ಬಂತು. ಎಲ್ಲರಿಗೂ ಒಂದು ಸಮಗ್ರ ಆರೋಗ್ಯ ಸೇವೆ ಇರಬೇಕು ಅಂತ ಅದು ಹೇಳಿತು. 1944ರಲ್ಲಿ ಯುದ್ಧಕಾಲದ ಮಿಶ್ರ ಸರ್ಕಾರ, ಕನ್ಸರ್ವೇಟಿವ್ ಆರೋಗ್ಯ ಮಂತ್ರಿ ಹೆನ್ರಿ ವಿಲಿಂಕ್ ಕೈಯಲ್ಲಿ, ಇದರ ಬಗ್ಗೆ ಶ್ವೇತಪತ್ರವನ್ನೂ ಹೊರಡಿಸಿತ್ತು. ಅಂದರೆ ಆರೋಗ್ಯ ಸೇವೆ ಬೇಕು ಅನ್ನೋದರಲ್ಲಿ ಆ ಹೊತ್ತಿಗೆ ದೊಡ್ಡ ತಕರಾರು ಇರಲಿಲ್ಲ. ತಕರಾರು ಇದ್ದದ್ದು ಹೇಗೆ ಅನ್ನೋದರಲ್ಲಿ.

1945ರ ಜುಲೈನಲ್ಲಿ ಲೇಬರ್ ಪಕ್ಷ 393 ಸೀಟು ಗೆದ್ದಿತು. ಪ್ರಧಾನಿ ಕ್ಲೆಮೆಂಟ್ ಆಟ್ಲಿ, ಯುದ್ಧದ ಉದ್ದಕ್ಕೂ ಸರ್ಕಾರವನ್ನು ಚುಚ್ಚುತ್ತಿದ್ದ, 1939ರಲ್ಲಿ ಶಿಸ್ತು ಮೀರಿದ್ದಕ್ಕೆ ಕೆಲವು ತಿಂಗಳು ಪಕ್ಷದಿಂದಲೇ ಉಚ್ಚಾಟನೆ ಆಗಿದ್ದ ಬೆವನ್‌ಗೆ ಆರೋಗ್ಯ ಮತ್ತು ವಸತಿ ಖಾತೆ ಕೊಟ್ಟರು. 47 ವರ್ಷ, ಸಂಪುಟದಲ್ಲೇ ಚಿಕ್ಕವರು. ಮಂತ್ರಿಯಾಗಿ ಅನುಭವ ಇರಲೇ ಇಲ್ಲ.

ಇಲ್ಲಿಂದ ಮೊದಲ ಜಗಳ ಶುರು. ಆಗ ಬ್ರಿಟನ್ನಿನಲ್ಲಿ ಎರಡು ಥರದ ಆಸ್ಪತ್ರೆಗಳಿದ್ದವು. ಒಂದು, ದಾನ ದತ್ತಿಗಳಲ್ಲಿ ನಡೆಯುವ ಧರ್ಮಾರ್ಥ ಆಸ್ಪತ್ರೆಗಳು, ಸಾವಿರಕ್ಕೂ ಜಾಸ್ತಿ. ಇನ್ನೊಂದು, ನಗರಸಭೆ ಮತ್ತು ಜಿಲ್ಲಾ ಕೌನ್ಸಿಲ್‌ಗಳ ಆಸ್ಪತ್ರೆಗಳು, ಅವು ಇನ್ನೂ ಜಾಸ್ತಿ. ಲೇಬರ್ ಪಕ್ಷದ ಹಳೇ ನೀತಿ ಏನಿತ್ತು ಅಂದರೆ, ಎಲ್ಲವನ್ನೂ ಸ್ಥಳೀಯ ಕೌನ್ಸಿಲ್‌ಗಳ ಅಡಿಯಲ್ಲಿ ತರಬೇಕು, ಡಾಕ್ಟರುಗಳಿಗೆ ಸಂಬಳ ಕೊಡಬೇಕು, ಊರೂರಿಗೆ ಆರೋಗ್ಯ ಕೇಂದ್ರ ಕಟ್ಟಬೇಕು. ಬೆವನ್ ಇದನ್ನು ಪಕ್ಕಕ್ಕೆ ಇಟ್ಟರು. ಎರಡೂ ಥರದ ಆಸ್ಪತ್ರೆಗಳನ್ನು ಕೇಂದ್ರ ಸರ್ಕಾರವೇ ವಹಿಸಿಕೊಳ್ಳಬೇಕು ಅಂತ 1945ರ ಅಕ್ಟೋಬರ್‌ನಲ್ಲಿ ಸಂಪುಟದ ಮುಂದೆ ಟಿಪ್ಪಣಿ ಇಟ್ಟರು. ಪಕ್ಷದ ಚುನಾವಣಾ ಪ್ರಣಾಳಿಕೆಯಲ್ಲಿ ಇಲ್ಲದ ಮಾತು ಅದು.

ಎದ್ದು ನಿಂತವರು ಹರ್ಬರ್ಟ್ ಮಾರಿಸನ್. ಪಕ್ಷದಲ್ಲಿ ಆಟ್ಲಿ ನಂತರದ ದೊಡ್ಡ ತಲೆ. 1934ರಿಂದ ಲಂಡನ್ ಕೌಂಟಿ ಕೌನ್ಸಿಲ್ ನಡೆಸಿದ್ದವರು. ಆ ಕೌನ್ಸಿಲ್ ಕೈಯಲ್ಲಿ ಎಷ್ಟೋ ಆಸ್ಪತ್ರೆಗಳಿದ್ದವು, ಅವನ್ನು ಸುಧಾರಿಸಲು ಲೇಬರ್ ಕಾರ್ಯಕರ್ತರು ವರ್ಷಗಟ್ಟಲೆ ದುಡಿದಿದ್ದರು. ಅದನ್ನೆಲ್ಲ ಕಿತ್ತುಕೊಂಡರೆ ಸ್ಥಳೀಯ ಆಡಳಿತ ಸೊರಗುತ್ತದೆ, ಜನ ಆರಿಸಿದವರ ಬದಲು ನೇಮಕವಾದ ಮಂಡಳಿಗಳು ಬಂದು ಕೂರುತ್ತವೆ ಅನ್ನೋದು ಅವರ ವಾದ. ಇದು ತೂಕದ ವಾದ. ಪಂಚಾಯತಿ, ನಗರಸಭೆಗಳಿಂದ ಅಧಿಕಾರ ಕಿತ್ತುಕೊಳ್ಳೋದನ್ನು ನೋಡಿರುವ ನಮಗೆ ಮಾರಿಸನ್ ಮಾತು ಚೆನ್ನಾಗಿ ಅರ್ಥವಾಗಬೇಕು.

ಬೆವನ್ ಕೊಟ್ಟ ಉತ್ತರದಲ್ಲೇ ಎನ್‌ಎಚ್‌ಎಸ್‌ನ ಜೀವ ಇದೆ ಅಂತ ನನ್ನ ಅನಿಸಿಕೆ. ಕೌನ್ಸಿಲ್‌ಗಳಲ್ಲಿ ಶ್ರೀಮಂತ ಕೌನ್ಸಿಲ್ ಇದೆ, ಬಡ ಕೌನ್ಸಿಲ್ ಇದೆ. ಗಣಿ ಮುಚ್ಚಿ ನಿರುದ್ಯೋಗ ತುಂಬಿದ ಊರಿನಲ್ಲಿ ತೆರಿಗೆ ಕಡಿಮೆ ಹುಟ್ಟುತ್ತದೆ, ಕಾಯಿಲೆ ಜಾಸ್ತಿ ಇರುತ್ತದೆ. ಆಸ್ಪತ್ರೆಯನ್ನು ಅಂಥ ಊರಿನ ತೆರಿಗೆಗೆ ಕಟ್ಟಿಹಾಕಿದರೆ, ಯಾರಿಗೆ ಒಳ್ಳೆ ಆಸ್ಪತ್ರೆ ಹೆಚ್ಚು ಬೇಕೋ ಅವರಿಗೇ ಕೆಟ್ಟ ಆಸ್ಪತ್ರೆ ಸಿಗುತ್ತದೆ. ಇನ್ನು ಧರ್ಮಾರ್ಥ ಆಸ್ಪತ್ರೆಗಳು ಆಗಲೇ ದುಡ್ಡಿಲ್ಲದೆ ಏದುಸಿರು ಬಿಡುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಅವುಗಳ ಖರ್ಚಿನ ಬಹುಪಾಲು ಸರ್ಕಾರವೇ ಕೊಡಬೇಕಿತ್ತು. ಕೊಡೋದು ಜನರ ದುಡ್ಡು, ಆಡಳಿತ ಮಾತ್ರ ದಾನಿಗಳ ಕೈಯಲ್ಲಿ ಅಂದರೆ ಹೇಗೆ? ಆಟ್ಲಿ ಬೆವನ್ ಪರ ನಿಂತರು. ಮಾರಿಸನ್ ಸೋತರು. ಮಸೂದೆ 1946ರ ನವೆಂಬರ್ 6ರಂದು ಕಾನೂನಾಯಿತು. ಪಾರ್ಲಿಮೆಂಟಿನಲ್ಲಿ ಕನ್ಸರ್ವೇಟಿವ್ ಪಕ್ಷ ಅದರ ವಿರುದ್ಧ ಮತ ಹಾಕಿತ್ತು.

ದುಡ್ಡು ಎಲ್ಲಿಂದ ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನ ಜಗಳ ಅರ್ಥವಾಗೋಕೆ ಅದು ಬೇಕು. ಎನ್‌ಎಚ್‌ಎಸ್ ವಿಮೆ ಅಲ್ಲ. ಪ್ರೀಮಿಯಂ ಕಟ್ಟಿದವರಿಗೆ ಮಾತ್ರ ಅನ್ನೋ ಲೆಕ್ಕ ಅಲ್ಲಿ ಇಲ್ಲ. ರಾಷ್ಟ್ರೀಯ ವಿಮಾ ನಿಧಿಯಿಂದ ಸ್ವಲ್ಪ ಹಣ ಬಂದರೂ ಬಹುಪಾಲು ಸಾಮಾನ್ಯ ತೆರಿಗೆಯದು. ನೀವು ಎಷ್ಟು ತೆರಿಗೆ ಕಟ್ಟಿದ್ದೀರಿ, ಕಟ್ಟಿದ್ದೀರಾ ಇಲ್ಲವಾ ಅಂತ ಡಾಕ್ಟರು ಕೇಳೋದಿಲ್ಲ. ಆರೋಗ್ಯವಾಗಿ ದುಡಿಯುವಾಗ ನಿಮ್ಮ ಆದಾಯಕ್ಕೆ ತಕ್ಕಂತೆ ಕೊಡುತ್ತೀರಿ, ಮಲಗಿದಾಗ ನಿಮ್ಮ ಕಾಯಿಲೆಗೆ ತಕ್ಕಂತೆ ಪಡೆಯುತ್ತೀರಿ.

ಡಾಕ್ಟರುಗಳ ಜೊತೆ ನಡೆದದ್ದು ಬೇರೆ ಯುದ್ಧ, ಅದನ್ನು ಬೇಗ ಮುಗಿಸುತ್ತೇನೆ. ತಮ್ಮನ್ನು ಸರ್ಕಾರಿ ನೌಕರರನ್ನಾಗಿ ಮಾಡುತ್ತಾರೆ ಅಂತ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಸಿಡಿದೆದ್ದಿತು. 1948ರ ಫೆಬ್ರವರಿಯಲ್ಲಿ ಅದು ಮತದಾನ ನಡೆಸಿದಾಗ ಕಾಯ್ದೆಯ ವಿರುದ್ಧ 40 ಸಾವಿರಕ್ಕೂ ಜಾಸ್ತಿ ಮತ ಬಿದ್ದವು, ಪರವಾಗಿ ಸುಮಾರು 4,700. ಬೆವನ್ ಏನು ಮಾಡಿದರು ಅಂದರೆ, ಡಾಕ್ಟರುಗಳನ್ನು ಎರಡು ಗುಂಪಾಗಿ ನೋಡಿದರು. ದೊಡ್ಡ ಸ್ಪೆಷಲಿಸ್ಟ್‌ಗಳಿಗೆ ಒಳ್ಳೆ ಸಂಬಳ, ಮೇಲೆ ಭತ್ಯೆ, ಖಾಸಗಿ ಪ್ರ್ಯಾಕ್ಟೀಸ್ ಮುಂದುವರಿಸುವ ಅವಕಾಶ, ಸರ್ಕಾರಿ ಆಸ್ಪತ್ರೆಯಲ್ಲೇ ದುಡ್ಡು ಕೊಡುವ ರೋಗಿಗಳಿಗೆ ಕೆಲವು ಹಾಸಿಗೆ. ಅವರ ಬಾಯಿಗೆ ಚಿನ್ನ ತುರುಕಿದೆ ಅಂತ ಬೆವನ್ನರೇ ಹೇಳಿದರು ಅನ್ನೋ ಮಾತು ಇಂದಿಗೂ ಓಡಾಡುತ್ತದೆ. ಊರಿನ ಜಿಪಿ ಡಾಕ್ಟರುಗಳಿಗೆ ಸಂಬಳ ಬೇಡ, ತಮ್ಮ ಪಟ್ಟಿಯಲ್ಲಿರುವ ಜನರ ತಲೆಗೆ ಇಷ್ಟು ಅಂತ ದುಡ್ಡು ಕೊಡುತ್ತೇವೆ, ಸಂಬಳದ ನೌಕರರಾಗಿ ಮಾಡುವುದಿಲ್ಲ ಅಂತ ಕಾನೂನಿನಲ್ಲೇ ಬರೆದುಕೊಡುತ್ತೇವೆ ಅಂದರು. ವಿರೋಧ ಕರಗಿತು. ಲೇಬರ್ ಪಕ್ಷದ ಎಡಪಂಥೀಯ ಡಾಕ್ಟರುಗಳಿಗೆ ಇದರಿಂದ ಬೇಸರವಾಯಿತು. ಸಂಬಳದ ಡಾಕ್ಟರು ಬರಲಿಲ್ಲ, ಆರೋಗ್ಯ ಕೇಂದ್ರಗಳೂ ಹೇಳಿದಷ್ಟು ಬರಲಿಲ್ಲ, ದುಡ್ಡಿದ್ದವರಿಗೆ ಬೇರೆ ಹಾಸಿಗೆ ಉಳಿಯಿತು.

ಈ ರಾಜಿಗಳನ್ನು ನೆನಪಿಟ್ಟುಕೊಳ್ಳಿ. ಬೆವನ್ ಹಟಮಾರಿ, ಒಂದು ಇಂಚೂ ಬಗ್ಗದವರು ಅನ್ನೋ ಚಿತ್ರ ತಪ್ಪು. ಡಾಕ್ಟರುಗಳ ಮುಂದೆ ಅವರು ಚೆನ್ನಾಗಿಯೇ ಬಗ್ಗಿದರು. ಬಗ್ಗದೇ ಇದ್ದದ್ದು ಒಂದೇ ಜಾಗದಲ್ಲಿ: ಸಾರ್ವಜನಿಕ ಸೇವೆಗೆ ಬಂದ ರೋಗಿಯ ಮುಂದೆ ಬಿಲ್ಲು ಇಡಬಾರದು.

1948ರ ಜುಲೈ 5ರಂದು ಸೇವೆ ಶುರುವಾಯಿತು. ಬೆವನ್ ಅವತ್ತು ಮ್ಯಾಂಚೆಸ್ಟರ್ ಹತ್ತಿರದ ಪಾರ್ಕ್ ಆಸ್ಪತ್ರೆಗೆ ಹೋದರು, ಅಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಮೊದಲ ರೋಗಿ. ಹಿಂದಿನ ದಿನವಷ್ಟೇ ಭಾಷಣದಲ್ಲಿ ಟೋರಿಗಳು, ಅಂದರೆ ಕನ್ಸರ್ವೇಟಿವ್ ಪಕ್ಷದವರು, ತನ್ನ ಪಾಲಿಗೆ ಕ್ರಿಮಿಕೀಟಕ್ಕಿಂತ ಕಡೆ ಅಂದುಬಿಟ್ಟು ಆಟ್ಲಿಯಿಂದ ಬೈಸಿಕೊಂಡರು. ಆ ಮಾತು ಪಕ್ಷಕ್ಕೆ ವರ್ಷಗಟ್ಟಲೆ ಮುಳ್ಳಾಯಿತು.

ಆಮೇಲೆ ಜನ ಬಂದರು. ಯಾರೂ ನಿರೀಕ್ಷಿಸದಷ್ಟು ಬಂದರು. ಮೊದಲ ವರ್ಷದಲ್ಲೇ 50 ಲಕ್ಷಕ್ಕೂ ಜಾಸ್ತಿ ಕನ್ನಡಕ ಹೋದವು, 80 ಲಕ್ಷಕ್ಕೂ ಜಾಸ್ತಿ ಜನ ಹಲ್ಲು ತೋರಿಸಿಕೊಂಡರು. ಇದನ್ನು ಆಗಿನ ಕೆಲವು ಪತ್ರಿಕೆಗಳು ದುರ್ಬಳಕೆ ಅಂತ ಬರೆದವು, ಪುಕ್ಕಟೆ ಸಿಕ್ಕರೆ ಜನ ಮುಗಿಬೀಳುತ್ತಾರೆ ಅಂದವು. ಯೋಚನೆ ಮಾಡಿ ನೋಡಿ. ಬಾಯಲ್ಲಿ ಹಲ್ಲಿರುವ ಯಾರಾದರೂ ಸುಮ್ನೆ ಹೋಗಿ ಕಟ್ಟಿಸಿದ ಹಲ್ಲು ತರುತ್ತಾರಾ? ಅಲ್ಲಿಯವರೆಗೆ ಹಲ್ಲಿಲ್ಲದೆ ಗಂಜಿ ಕುಡಿದವರು, ಸಂತೆಯಲ್ಲಿ ಸಿಕ್ಕ ಯಾರದೋ ನಂಬರಿನ ಕನ್ನಡಕ ಹಾಕಿಕೊಂಡು ಹೊಲಿಗೆ ಹಾಕುತ್ತಿದ್ದವರು, ಕಿವಿ ಕೇಳದವರು, ಹೆರಿಗೆಯ ನಂತರದ ತೊಂದರೆಯನ್ನು ವರ್ಷಗಟ್ಟಲೆ ಯಾರಿಗೂ ಹೇಳದೆ ಇದ್ದ ಹೆಂಗಸರು, ಇವರೆಲ್ಲ ಅಂದು ಒಟ್ಟಿಗೆ ಬಂದರು. ಇಷ್ಟೊಂದು ಬಾಕಿ ನೋವು ಮನೆಗಳ ಒಳಗೆ ಇತ್ತು ಅನ್ನೋದು ಸರ್ಕಾರಕ್ಕೆ ಗೊತ್ತಾದದ್ದೇ ಆಗ.

ಆದರೆ ಖರ್ಚು ಅಂದಾಜನ್ನು ಮೀರಿತು, ಇದು ನಿಜ. ವರ್ಷ ವರ್ಷ ಬೆವನ್ ಹೆಚ್ಚುವರಿ ಹಣ ಕೇಳಬೇಕಾಯಿತು. 1949ರಲ್ಲಿ ಪೌಂಡಿನ ಬೆಲೆ ಇಳಿಸಿದ ಹೊತ್ತಿನಲ್ಲಿ ಔಷಧಿ ಚೀಟಿಗೆ ಒಂದು ಶಿಲ್ಲಿಂಗ್ (ಪೌಂಡಿನ ಇಪ್ಪತ್ತನೇ ಒಂದು ಪಾಲು) ತೆಗೆದುಕೊಳ್ಳುವ ಅಧಿಕಾರವನ್ನು ಸರ್ಕಾರ ಕಾನೂನಿಗೆ ಸೇರಿಸಿತು. ಇದಕ್ಕೆ ಬೆವನ್ ಒಪ್ಪಿದ್ದರು. ಒಪ್ಪಿ, ಅದು ಜಾರಿಗೆ ಬರದಂತೆ ತಡೆದರು. ಅವರ ವಿರೋಧಿಗಳು ಮುಂದೆ ಇದನ್ನೇ ಎತ್ತಿ ತೋರಿಸಿದರು, ಆಗ ಒಪ್ಪಿದವರು ಈಗ ಯಾಕೆ ಕೂಗಾಡುತ್ತೀರಿ ಅಂತ. ಅದು ನ್ಯಾಯವಾದ ಪ್ರಶ್ನೆಯೇ.

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಯಿತು. ಅಮೆರಿಕದ ಒತ್ತಡದಲ್ಲಿ ಬ್ರಿಟನ್ ಮೂರು ವರ್ಷಕ್ಕೆ 470 ಕೋಟಿ ಪೌಂಡಿನ ಶಸ್ತ್ರ ಯೋಜನೆ ಹಾಕಿಕೊಂಡಿತು. ಅಕ್ಟೋಬರ್‌ನಲ್ಲಿ ಹಣಕಾಸು ಮಂತ್ರಿಯಾದವರು ಹ್ಯೂ ಗೇಟ್ಸ್‌ಕೆಲ್, ಅರ್ಥಶಾಸ್ತ್ರ ಓದಿದವರು, ಬೆವನ್‌ಗಿಂತ ಚಿಕ್ಕವರು, ಪಾರ್ಲಿಮೆಂಟಿಗೆ ಬಂದು ಐದೇ ವರ್ಷ. ಆ ಖಾತೆಯ ಮೇಲೆ ಬೆವನ್ ಕಣ್ಣಿಟ್ಟಿದ್ದರು, ವಿದೇಶಾಂಗ ಖಾತೆಯೂ ಸಿಗಲಿಲ್ಲ. 1951ರ ಜನವರಿಯಲ್ಲಿ ಅವರನ್ನು ಆರೋಗ್ಯದಿಂದ ಕಾರ್ಮಿಕ ಖಾತೆಗೆ ಕಳಿಸಿದರು. ಹಾಗಾಗಿ ಮುಂದೆ ಆದದ್ದರಲ್ಲಿ ವೈಯಕ್ತಿಕ ಕಹಿ ಇರಲಿಲ್ಲ ಅಂತ ನಾನು ಹೇಳೋದಿಲ್ಲ. ಇತ್ತು. ಆದರೆ ಅದೊಂದೇ ಕಾರಣ ಅಂದರೆ ವಿಷಯದ ತಿರುಳೇ ಕೈತಪ್ಪುತ್ತದೆ.

ಏಪ್ರಿಲ್ 10ರ ಬಜೆಟ್‌ನಲ್ಲಿ ಗೇಟ್ಸ್‌ಕೆಲ್, ಹಲ್ಲಿನ ಸೆಟ್ಟಿಗೂ ಕನ್ನಡಕಕ್ಕೂ ಸುಮಾರು ಅರ್ಧ ಬೆಲೆಯನ್ನು ಜನರೇ ಕೊಡಬೇಕು ಅಂದರು. ಆ ವರ್ಷ ಅದರಿಂದ ಉಳಿಯೋದು 1 ಕೋಟಿ 30 ಲಕ್ಷ ಪೌಂಡ್. ಒಟ್ಟು ಬಜೆಟ್ 400 ಕೋಟಿ ಪೌಂಡಿನ ಮೇಲೆ. ಲೆಕ್ಕ ಹಾಕಿದರೆ ಮುನ್ನೂರರಲ್ಲಿ ಒಂದು ಪಾಲು.

ಗೇಟ್ಸ್‌ಕೆಲ್ ಪರ ವಾದವನ್ನೂ ನೇರವಾಗಿ ಹೇಳಬೇಕು. ಆರೋಗ್ಯದ ಖರ್ಚಿಗೆ ಒಂದು ಮಿತಿ ಇರಲೇಬೇಕು, ಇಲ್ಲದಿದ್ದರೆ ಪಿಂಚಣಿಗೆ, ಶಾಲೆಗೆ, ಮನೆಗೆ ದುಡ್ಡು ಉಳಿಯೋದಿಲ್ಲ. ಆಸ್ಪತ್ರೆ, ಡಾಕ್ಟರು, ಔಷಧಿ ಇನ್ನೂ ಉಚಿತವೇ, ಹಲ್ಲು ಕನ್ನಡಕ ಮಾತ್ರ ಅರ್ಧ. ಅದೇ ಬಜೆಟ್‌ನಲ್ಲಿ ಅವರು ಪಿಂಚಣಿ ಏರಿಸಿದ್ದರು. ತನ್ನ ಮಾತು ನಡೆಯದಿದ್ದರೆ ತಾನೇ ರಾಜೀನಾಮೆ ಕೊಡುತ್ತೇನೆ ಅಂತಲೂ ಹೇಳಿದರು.

ಬೆವನ್ ಏಪ್ರಿಲ್ 3ರಂದೇ ಲಂಡನ್ನಿನ ಬರ್ಮಂಡ್ಸಿಯ ಸಭೆಯಲ್ಲಿ, ರೋಗಿಗಳ ಮೇಲೆ ಶುಲ್ಕ ಹಾಕುವ ಸರ್ಕಾರದಲ್ಲಿ ತಾನು ಇರುವುದಿಲ್ಲ ಅಂತ ಬಹಿರಂಗವಾಗಿ ಹೇಳಿಬಿಟ್ಟಿದ್ದರು. ಆಟ್ಲಿ ಹೊಟ್ಟೆಹುಣ್ಣಿನಿಂದ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಮಲಗಿದ್ದರು. ಸಂಪುಟ ನಡೆಸುತ್ತಿದ್ದವರು ಯಾರು? ಹಳೇ ಎದುರಾಳಿ ಮಾರಿಸನ್. ಆಟ್ಲಿ ಹಾಸಿಗೆಯಿಂದಲೇ ಗೇಟ್ಸ್‌ಕೆಲ್ ಕಡೆ ವಾಲಿದರು. ಏಪ್ರಿಲ್ 22ಕ್ಕೆ ಬೆವನ್ ರಾಜೀನಾಮೆ ಸುದ್ದಿ ಬಂತು. ಅವರ ಹಿಂದೆ ವ್ಯಾಪಾರ ಮಂತ್ರಿ ಹೆರಾಲ್ಡ್ ವಿಲ್ಸನ್ ಮತ್ತು ಕಿರಿಯ ಮಂತ್ರಿ ಜಾನ್ ಫ್ರೀಮನ್ ಹೊರಬಂದರು.

ಸಣ್ಣ ಶುಲ್ಕಕ್ಕೆ ಇಷ್ಟು ಯಾಕೆ? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಶುಲ್ಕ ಹಾಕಿದ ತಕ್ಷಣ, ಕೊಡಲಾಗದವರಿಗೆ ವಿನಾಯಿತಿ ಕೊಡಬೇಕಾಗುತ್ತದೆ. ವಿನಾಯಿತಿ ಅಂದರೆ ಬಡತನವನ್ನು ಸಾಬೀತು ಮಾಡಬೇಕು. 1930ರ ದಶಕದಲ್ಲಿ ನಿರುದ್ಯೋಗಿಗಳ ಮನೆಗೆ ಅಧಿಕಾರಿಗಳು ಬಂದು ಯಾರು ಎಷ್ಟು ದುಡಿಯುತ್ತೀರಿ, ಮನೆಯಲ್ಲಿ ಏನೇನಿದೆ ಅಂತ ತಡಕಾಡಿದ್ದನ್ನು ಗಣಿ ಊರುಗಳು ಮರೆತಿರಲಿಲ್ಲ. ನಮ್ಮಲ್ಲಿ ಬಿಪಿಎಲ್ ಕಾರ್ಡಿಗಾಗಿ ಕಚೇರಿಯಿಂದ ಕಚೇರಿಗೆ ಓಡಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದಾಗಿ, ಶುಲ್ಕದ ಬಾಗಿಲು ಒಮ್ಮೆ ತೆರೆದರೆ ಮುಂದಿನ ಹಣಕಾಸು ಮಂತ್ರಿಗೆ ಅದನ್ನು ಇನ್ನಷ್ಟು ಅಗಲ ಮಾಡೋದು ಸುಲಭ, ಅದೂ ಲೇಬರ್ ಪಕ್ಷವೇ ತೆರೆದುಕೊಟ್ಟ ಬಾಗಿಲು ಅಂದರೆ ಎದುರಾಳಿಗಳಿಗೆ ಇನ್ನೇನು ಬೇಕು. ಮೂರನೆಯದು ಬೆವನ್ ರಾಜೀನಾಮೆ ಭಾಷಣದಲ್ಲಿ ಒತ್ತಿ ಹೇಳಿದ್ದು: ಆ ಶಸ್ತ್ರ ಯೋಜನೆಗೆ ಬೇಕಾದ ಕಚ್ಚಾ ಸಾಮಗ್ರಿ, ಯಂತ್ರಗಳೇ ಸಿಗುವುದಿಲ್ಲ, ಮೀಸಲಿಟ್ಟ ದುಡ್ಡನ್ನು ಖರ್ಚು ಮಾಡೋಕೇ ಆಗುವುದಿಲ್ಲ, ಹಾಗಿರುವಾಗ ಮುದುಕರ ಹಲ್ಲಿನಲ್ಲಿ ಉಳಿತಾಯ ಹುಡುಕೋದು ಯಾಕೆ?

ಭಾಷಣ ಸ್ವಂತ ಪಕ್ಷದವರಿಗೇ ಹಿಡಿಸಲಿಲ್ಲ, ಕಹಿ ಜಾಸ್ತಿ ಆಯಿತು ಅಂದರು. ಅಕ್ಟೋಬರ್‌ನಲ್ಲಿ ಚುನಾವಣೆ ಬಂತು. ಲೇಬರ್ ಪಕ್ಷಕ್ಕೆ ಕನ್ಸರ್ವೇಟಿವ್‌ಗಿಂತ ಹೆಚ್ಚು ಮತ ಬಿದ್ದರೂ ಸೀಟು ಕಡಿಮೆಯಾಗಿ ಅಧಿಕಾರ ಹೋಯಿತು, 1964ರ ತನಕ ಮರಳಲಿಲ್ಲ. ಆ ವರ್ಷಗಳ ತುಂಬ ಪಕ್ಷ ಬೆವನ್ ಬಣ, ಗೇಟ್ಸ್‌ಕೆಲ್ ಬಣ ಅಂತ ಹೋಳಾಯಿತು. 1955ರಲ್ಲಿ ನಾಯಕತ್ವಕ್ಕೆ ನಿಂತ ಬೆವನ್ ಗೇಟ್ಸ್‌ಕೆಲ್ ಎದುರೇ ಸೋತರು. ಈ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಅವರನ್ನು ಹೊಗಳಿದರೆ ಅದು ಪ್ರಾಮಾಣಿಕ ಅಲ್ಲ.

ಆದರೂ ವಿಷಯದ ಮಟ್ಟಿಗೆ ಅವರು ಹೇಳಿದ್ದು ನಿಜವಾಗುತ್ತಾ ಹೋಯಿತು. ಅಧಿಕಾರಕ್ಕೆ ಬಂದ ಚರ್ಚಿಲ್ ಸರ್ಕಾರವೇ ಶಸ್ತ್ರ ಯೋಜನೆಯನ್ನು ನಿಧಾನ ಮಾಡಿತು, ಹೇಳಿದ ವೇಗದಲ್ಲಿ ಅದು ಆಗುವಂತಿರಲಿಲ್ಲ. 1952ರಲ್ಲಿ ಅದೇ ಸರ್ಕಾರ ಔಷಧಿ ಚೀಟಿಗೆ ಒಂದು ಶಿಲ್ಲಿಂಗ್ ಶುಲ್ಕ ಹಾಕಿತು, 1949ರಲ್ಲಿ ಲೇಬರ್ ಮಾಡಿಟ್ಟಿದ್ದ ಕಾನೂನನ್ನು ಬಳಸಿಕೊಂಡೇ. ಎನ್‌ಎಚ್‌ಎಸ್ ದುಂದು ಮಾಡುತ್ತಿದೆ ಅನ್ನೋ ದೂರಿನ ತನಿಖೆಗೆ 1953ರಲ್ಲಿ ಗಿಲ್ಬೋ ಸಮಿತಿ ನೇಮಿಸಿದರು. 1956ರಲ್ಲಿ ಬಂದ ಅದರ ವರದಿ, ದೇಶದ ಆದಾಯದಲ್ಲಿ ಎನ್‌ಎಚ್‌ಎಸ್‌ನ ಪಾಲು 1949-50ರಲ್ಲಿ ಶೇಕಡ 3.75 ಇದ್ದದ್ದು 1953-54ಕ್ಕೆ ಶೇಕಡ 3.25ಕ್ಕೆ ಇಳಿದಿದೆ ಅಂತ ತೋರಿಸಿತು. ಕೈಮೀರಿದ ಖರ್ಚು ಅಂತ 1951ರಲ್ಲಿ ಸಂಪುಟದ ಬಹುಮಂದಿ ಹೆದರಿದ್ದರಲ್ಲ, ಅದು ಬಹುಮಟ್ಟಿಗೆ ಹಳೇ ಬಾಕಿ ತೀರಿಸಿದ ಖರ್ಚು.

ಬೆವನ್ 1960ರ ಜುಲೈ 6ರಂದು ತೀರಿಕೊಂಡರು, ಹೊಟ್ಟೆಯ ಕ್ಯಾನ್ಸರ್. ಜೊತೆಗೆ ರಾಜೀನಾಮೆ ಕೊಟ್ಟಿದ್ದ ವಿಲ್ಸನ್ ಪ್ರಧಾನಿಯಾಗಿ 1965ರಲ್ಲಿ ಔಷಧಿ ಶುಲ್ಕ ತೆಗೆದರು, 1968ರಲ್ಲಿ ದುಡ್ಡಿನ ಮುಗ್ಗಟ್ಟು ಬಂದಾಗ ಅವರೇ ವಾಪಸ್ ತಂದರು. ಬೆವನ್ ಹುಟ್ಟಿದ ವೇಲ್ಸ್ 2007ರಲ್ಲಿ ಔಷಧಿ ಶುಲ್ಕವನ್ನು ಪೂರ್ತಿ ತೆಗೆಯಿತು. ಉತ್ತರ ಐರ್ಲೆಂಡ್, ಸ್ಕಾಟ್‌ಲೆಂಡ್ ಹಿಂದೆಯೇ ತೆಗೆದವು. ಇಂಗ್ಲೆಂಡಿನಲ್ಲಿ 2024ರ ಮೇ ತಿಂಗಳಿಂದ ಒಂದು ಔಷಧಿಗೆ 9.90 ಪೌಂಡ್ ಆಗಿದೆ. ಮಕ್ಕಳು, 60 ದಾಟಿದವರು, ಬಡವರು ಅಂತ ವಿನಾಯಿತಿಯ ಪಟ್ಟಿ ಉದ್ದ ಇರುವುದರಿಂದ ಬಹುಪಾಲು ಔಷಧಿ ಉಚಿತವಾಗಿಯೇ ಹೋಗುತ್ತದೆ. ಅಂದರೆ ಶುಲ್ಕದಿಂದ ಬರೋದು ಕಡಿಮೆ, ಯಾರು ಕೊಡಬೇಕು ಯಾರು ಬೇಡ ಅಂತ ವಿಂಗಡಿಸುವ ಕೆಲಸ ಜಾಸ್ತಿ.

ಕನ್ನಡಿಗರಿಗೆ ಇದು ದೂರದ ಮಾತೂ ಅಲ್ಲ. ಮೈಸೂರು, ಬೆಂಗಳೂರು, ಮಣಿಪಾಲ, ಹುಬ್ಬಳ್ಳಿಯ ಮೆಡಿಕಲ್ ಕಾಲೇಜುಗಳಲ್ಲಿ ಓದಿದ ಎಷ್ಟೋ ಡಾಕ್ಟರುಗಳು ದಶಕಗಳಿಂದ ಎನ್‌ಎಚ್‌ಎಸ್‌ನಲ್ಲಿ ದುಡಿಯುತ್ತಿದ್ದಾರೆ. ಇನ್ನು ಅಲ್ಲಿಗೆ ಹೋಗುವ ಸಾಫ್ಟ್‌ವೇರ್‌ನವರು, ವಿದ್ಯಾರ್ಥಿಗಳು ವೀಸಾ ಜೊತೆಗೇ ಆರೋಗ್ಯ ಸರ್ಚಾರ್ಜ್ ಕಟ್ಟುತ್ತಾರೆ. 2015ರಲ್ಲಿ ವರ್ಷಕ್ಕೆ 200 ಪೌಂಡ್ ಇದ್ದದ್ದು 2024ರ ಫೆಬ್ರವರಿಯಿಂದ ದೊಡ್ಡವರಿಗೆ 1,035, ಮಕ್ಕಳಿಗೂ ವಿದ್ಯಾರ್ಥಿಗಳಿಗೂ 776 ಪೌಂಡ್. ಗಂಡ ಹೆಂಡತಿ ಇಬ್ಬರು ಮಕ್ಕಳ ಸಂಸಾರಕ್ಕೆ ವರ್ಷಕ್ಕೆ 3,622 ಪೌಂಡ್, ಅದೂ ವೀಸಾದ ಪೂರ್ತಿ ಅವಧಿಗೆ ಮುಂಗಡವಾಗಿ, ಕೆಲಸಕ್ಕೆ ಸೇರಿದ ಮೇಲೆ ತೆರಿಗೆ ಬೇರೆ. ಹೊರದೇಶದವರಿಂದ ದುಡ್ಡು ತೆಗೆದುಕೊಳ್ಳಬೇಕು ಅನ್ನೋ ಕೂಗು ಬೆವನ್ ಕಾಲದಲ್ಲೂ ಇತ್ತು, 1949ರ ಕಾಯ್ದೆಯಲ್ಲಿ ಅದಕ್ಕೆ ಅಧಿಕಾರವೂ ಸೇರಿತು, ಆದರೆ ನಿಯಮಗಳು ಬಂದದ್ದು 1982ರಲ್ಲಿ. ಹೊರಗಿನವರು ಯಾರು ಅಂತ ಕಂಡುಹಿಡಿಯಬೇಕಾದರೆ ಆಸ್ಪತ್ರೆಗೆ ಬರುವ ಪ್ರತಿಯೊಬ್ಬರೂ ತಾನು ಒಳಗಿನವನು ಅಂತ ತೋರಿಸುವ ಕಾಗದ ಇಟ್ಟುಕೊಂಡು ತಿರುಗಬೇಕಾಗುತ್ತದೆ, ಅದು ಬೇಡ ಅನ್ನೋದು ಬೆವನ್ ನಿಲುವಾಗಿತ್ತು.